ಸ್ಕೈರಿಮ್‌ನ 81 ಎಲ್ಲಿಂದ ಬಂತು? ಲೆವೆಲ್ ಕ್ಯಾಪ್‌ನ ಒಳಲೆಕ್ಕ

2011ರ ನವೆಂಬರ್ 11ರಂದು ಬೆಥೆಸ್ಡಾ ಕಂಪನಿಯ ವಿಡಿಯೋ ಗೇಮ್ ಸ್ಕೈರಿಮ್ ಬಿಡುಗಡೆಯಾಯಿತು. ಅದನ್ನು ಪಟ್ಟುಬಿಡದೆ ಆಡಿದವರು, ಕತ್ತಿ ಹಿಡಿದಿರಲಿ ಮಂತ್ರ ಹಿಡಿದಿರಲಿ, ಕೊನೆಗೆ ಒಂದೇ ಕಡೆ ಬಂದು ನಿಂತರು: ಲೆವೆಲ್ 81. ಐವತ್ತಲ್ಲ, ನೂರಲ್ಲ, 81. ಲೆವೆಲ್ ಏರಲು ಬೇಕಾದ ಅನುಭವ, ಅಂದರೆ ಎಕ್ಸ್‌ಪಿ, ಅಲ್ಲಿಗೆ ಬತ್ತಿಹೋಗುತ್ತಿತ್ತು. ಯಾಕೆ ಅಲ್ಲಿಗೇ ಎಂಬುದನ್ನು ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಂಡು ನೀವೇ ಲೆಕ್ಕ ಹಾಕಬಹುದು. ಒಮ್ಮೆ ಹಾಕಿ ನೋಡಿದರೆ ಬೇರೆ ಆರ್‌ಪಿಜಿಗಳ (ಒಂದು ಪಾತ್ರವನ್ನು ಬೆಳೆಸುತ್ತ ಆಡುವ ಆಟಗಳ) ಲೆವೆಲ್ ಕ್ಯಾಪ್, ಅಂದರೆ ಲೆವೆಲ್‌ನ ಗರಿಷ್ಠ ಮಿತಿ, ಕೂಡ ಬೇರೆಯದೇ ರೀತಿ ಕಾಣತೊಡಗುತ್ತದೆ. ಹೆಚ್ಚಿನವರು ಅದನ್ನು ಆಟದ ಕೊನೆಯಲ್ಲಿ ಅಡ್ಡ ಬರುವ ಗೋಡೆ ಎಂದುಕೊಳ್ಳುತ್ತಾರೆ. ತಿಂಗಳ ಸಂಬಳ ಎಂದುಕೊಳ್ಳುವುದು ಹೆಚ್ಚು ಸರಿ. ಕೈಗೆ ಬರುವುದು ಇಷ್ಟೇ ಎಂದು ಮೊದಲ ದಿನವೇ ಗೊತ್ತಿದ್ದರೆ ಖರ್ಚಿನ ರೀತಿ ಬದಲಾಗುತ್ತದೆ.

ಲೆಕ್ಕ

ಸ್ಕೈರಿಮ್‌ನಲ್ಲಿ 18 ಸ್ಕಿಲ್‌ಗಳಿವೆ. ಎಲ್ಲವೂ 15ರಿಂದ ಶುರುವಾಗಿ 100ಕ್ಕೆ ನಿಲ್ಲುತ್ತವೆ. ನೀವು ಆರಿಸಿದ ಜನಾಂಗಕ್ಕೆ ತಕ್ಕಂತೆ ಒಂದು ಸ್ಕಿಲ್‌ಗೆ 10, ಬೇರೆ ಐದು ಸ್ಕಿಲ್‌ಗಳಿಗೆ ತಲಾ 5 ಅಂಕ ಹುಟ್ಟಿನಿಂದಲೇ ಹೆಚ್ಚು ಸಿಗುತ್ತದೆ. ಶತ್ರುವನ್ನು ಕೊಂದರೆ ಇಲ್ಲಿ ನೇರವಾಗಿ ಎಕ್ಸ್‌ಪಿ ಬರುವುದಿಲ್ಲ. ಸ್ಕಿಲ್ ಏರಿದಾಗ ಬರುತ್ತದೆ. ಏರಿ ತಲುಪಿದ ಅಂಕಿ ಎಷ್ಟೋ ಅಷ್ಟು ಎಕ್ಸ್‌ಪಿ. ಸ್ಕಿಲ್ 15ರಿಂದ 16ಕ್ಕೆ ಹೋದರೆ 16, 99ರಿಂದ 100ಕ್ಕೆ ಹೋದರೆ 100.

ಹಾಗಾದರೆ ಒಂದು ಸ್ಕಿಲ್ ಅನ್ನು 15ರಿಂದ 100ರವರೆಗೆ ಒಯ್ದರೆ 16ರಿಂದ 100ರವರೆಗಿನ ಅಂಕಿಗಳ ಮೊತ್ತ ಸಿಗಬೇಕು: 4,930. ಹದಿನೆಂಟಕ್ಕೆ 88,740. ಜನಾಂಗದಿಂದ ಪುಕ್ಕಟೆ ಬಂದ ಅಂಕಗಳಿಗೆ ಎಕ್ಸ್‌ಪಿ ಇಲ್ಲವಾದ್ದರಿಂದ 655 ಕಳೆಯಿರಿ. ಉಳಿಯುವುದು 88,085. ಆಗ ಇಡೀ ಆಟದಲ್ಲಿ ನಿಮ್ಮ ಕ್ಯಾರೆಕ್ಟರ್‌ಗೆ ಸಿಗುತ್ತಿದ್ದ ಒಟ್ಟು ಎಕ್ಸ್‌ಪಿ ಇದೇ.

ಇನ್ನು ಖರ್ಚಿನ ಕಡೆ. ಈಗಿನ ಲೆವೆಲ್‌ನಿಂದ ಮುಂದಿನದಕ್ಕೆ ಹೋಗಲು ಬೇಕಾದದ್ದು 75 + 25 × ಈಗಿನ ಲೆವೆಲ್. ಒಂದರಿಂದ ಎರಡಕ್ಕೆ 100, ಹತ್ತರಿಂದ ಹನ್ನೊಂದಕ್ಕೆ 325, ಐವತ್ತರಿಂದ ಐವತ್ತೊಂದಕ್ಕೆ 1,325. ಹೀಗೆ ಕೂಡಿಸುತ್ತ ಹೋದರೆ 81 ಮುಟ್ಟಲು ಸರಿಯಾಗಿ 87,000 ಬೇಕು. ಕೈಯಲ್ಲಿ ಉಳಿಯುವುದು 1,085. ಎಂಬತ್ತೆರಡಕ್ಕೆ ಇನ್ನೂ 2,100 ಬೇಕಿತ್ತು. ಅರ್ಧ ದಾರಿಯಲ್ಲಿ ಸಂಬಳ ಮುಗಿಯಿತು.

ಪ್ರತಿ ಲೆವೆಲ್‌ಗೂ ಎರಡು ವಸ್ತು ಸಿಗುತ್ತವೆ: ಹೆಲ್ತ್, ಮ್ಯಾಜಿಕಾ, ಸ್ಟ್ಯಾಮಿನಾ ಇವುಗಳಲ್ಲಿ ಒಂದಕ್ಕೆ 10 ಅಂಕ (ಸ್ಟ್ಯಾಮಿನಾ ಆರಿಸಿದರೆ ಹೊರುವ ಭಾರವೂ 5 ಹೆಚ್ಚುತ್ತದೆ), ಜೊತೆಗೆ ಒಂದು ಪರ್ಕ್, ಅಂದರೆ ಯಾವುದಾದರೊಂದು ಸ್ಕಿಲ್‌ಗೆ ಸೇರಿಸಿಕೊಳ್ಳುವ ವಿಶೇಷ ಸಾಮರ್ಥ್ಯ. 81ನೇ ಲೆವೆಲ್‌ಗೆ ಬಂದಾಗ ನಿಮ್ಮ ಹತ್ತಿರ 80 ಪರ್ಕ್ ಇರುತ್ತವೆ. ಆಟದಲ್ಲಿರುವ ಪರ್ಕ್‌ಗಳು, ಎಲ್ಲ ಹಂತಗಳನ್ನೂ ಎಣಿಸಿದರೆ, 251. ಮೂರನೇ ಒಂದು ಪಾಲೂ ನಿಮಗೆ ದಕ್ಕುತ್ತಿರಲಿಲ್ಲ. ಸ್ಕಿಲ್‌ಗಳನ್ನೆಲ್ಲ ನೂರಕ್ಕೆ ಒಯ್ಯಲು ಬಿಟ್ಟ ಆಟ ಪರ್ಕ್‌ಗಳ ವಿಷಯದಲ್ಲಿ ಮಾತ್ರ ಕೈ ಬಿಗಿಹಿಡಿದಿದೆ. ಎಲ್ಲರಿಗೂ ಕೊನೆಗೆ ಒಂದೇ ಸ್ಕಿಲ್ ಪಟ್ಟಿ, ಆದರೆ ಪರ್ಕ್ ಪಟ್ಟಿ ಒಬ್ಬೊಬ್ಬರದು ಒಂದೊಂದು ಥರ. ಕ್ಯಾರೆಕ್ಟರ್‌ಗಳ ನಡುವಿನ ವ್ಯತ್ಯಾಸ ಉಳಿಯುವುದು ಈ ಬಿಗಿಯಿಂದಲೇ.

ಒಂದು ಸ್ಕಿಲ್ ಏರಿಸಲು ಎಷ್ಟು ದುಡಿಮೆ

ಸ್ಕಿಲ್‌ನ ಒಂದು ಅಂಕ ಏರಿಸಲು ಬೇಕಾದ ದುಡಿಮೆಯೂ ಏರುತ್ತ ಹೋಗುತ್ತದೆ, ಸ್ಕಿಲ್‌ನ ಅಂಕಿಯ 1.95ನೇ ಘಾತದಲ್ಲಿ. ಸರಿಸುಮಾರು ವರ್ಗ ಎಂದುಕೊಳ್ಳಿ. ಕತ್ತಿ, ಬಿಲ್ಲುಗಳಂಥ ಯುದ್ಧದ ಸ್ಕಿಲ್‌ಗಳಲ್ಲಿ 99ರಿಂದ 100ಕ್ಕೆ ಹೋಗಲು, 15ರಿಂದ 16ಕ್ಕೆ ಬೇಕಾದದ್ದರ ಸುಮಾರು 40 ಪಟ್ಟು ಬೇಕು. ಇನ್ನೊಂದು ಬಗೆಯಲ್ಲಿ ನೋಡಿದರೆ 15ರಿಂದ 50ರವರೆಗಿನ ದಾರಿ ಇಡೀ ದುಡಿಮೆಯ ಎಂಟನೇ ಒಂದು ಭಾಗ ಮಾತ್ರ; 90ರಿಂದ 100ರವರೆಗಿನ ಹತ್ತೇ ಅಂಕ ಕಾಲು ಭಾಗಕ್ಕಿಂತ ಹೆಚ್ಚನ್ನು ನುಂಗುತ್ತವೆ. ಮೊದಲ ದಿನಗಳಲ್ಲಿ ಸರಸರ ಏರಿದ ಸ್ಕಿಲ್ ಆಮೇಲೆ ಕೆಟ್ಟು ನಿಂತಂತೆ ಅನ್ನಿಸುವುದು ಇದಕ್ಕೇ. ಏನೂ ಕೆಟ್ಟಿರುವುದಿಲ್ಲ.

ದುಡಿಮೆ ಎಂದರೆ ಏನು ಎಂಬುದು ಸ್ಕಿಲ್‌ನಿಂದ ಸ್ಕಿಲ್‌ಗೆ ಬೇರೆ, ಮತ್ತು ಹೆಚ್ಚಿನ ಗೊಂದಲ ಇಲ್ಲಿಯೇ. ಆಯುಧದ ಸ್ಕಿಲ್‌ಗೆ ಪ್ರತಿ ಏಟಿನಲ್ಲೂ ಎಣಿಕೆಯಾಗುವುದು ಆಯುಧದ ಮೂಲ ಹಾನಿ. ಸಾಣೆ ಹಿಡಿದು, ಪರ್ಕ್ ಹಾಕಿ ಹೆಚ್ಚಿಸಿದ್ದು ಲೆಕ್ಕಕ್ಕಿಲ್ಲ. ಗುಣಪಡಿಸುವ ಮಂತ್ರದಿಂದ ರೆಸ್ಟೊರೇಷನ್ ಏರಬೇಕಾದರೆ ಮೈಮೇಲೆ ಗಾಯ ಇರಬೇಕು. ಹೆಲ್ತ್ ತುಂಬಿರುವಾಗ ಎಷ್ಟು ಸಲ ಹಾಕಿದರೂ ವ್ಯರ್ಥ. ಹೆವಿ ಆರ್ಮರ್ ಏರುವುದು ಏಟು ತಿಂದಾಗ. ಸ್ಮಿಥಿಂಗ್‌ಗೆ (ಕಮ್ಮಾರಿಕೆಗೆ) ಮೊದಲು ಎಲ್ಲರೂ ಮಾಡುತ್ತಿದ್ದದ್ದು ಕಬ್ಬಿಣದ ಕಿರುಗತ್ತಿ. ಒಂದು ಕಬ್ಬಿಣದ ಗಟ್ಟಿ, ಒಂದು ಚರ್ಮದ ಪಟ್ಟಿ, ಮುಗಿಯಿತು; ಹೀಗೆ ನೂರಾರು. 2012ರ 1.5 ಅಪ್‌ಡೇಟ್ ಬಂದ ಮೇಲೆ ತಯಾರಿಸಿದ ವಸ್ತುವಿನ ಬೆಲೆಯೂ ಲೆಕ್ಕಕ್ಕೆ ಸೇರಿತು, ಹಾಗಾಗಿ ಅಗ್ಗದ ಕಿರುಗತ್ತಿಯ ಉಪಾಯ ಮಂಕಾಯಿತು. ಈಗ ಒಡವೆ ಮಾಡುವುದು ಲಾಭ. ಹಾಲ್ಟೆಡ್ ಸ್ಟ್ರೀಮ್ ಕ್ಯಾಂಪ್‌ನಲ್ಲಿ ಟ್ರಾನ್ಸ್‌ಮ್ಯೂಟ್ ಮಂತ್ರದ ಪುಸ್ತಕವಿದೆ. ಅದನ್ನು ಕಲಿತರೆ ಕಬ್ಬಿಣದ ಅದಿರು ಬೆಳ್ಳಿಯಾಗುತ್ತದೆ, ಬೆಳ್ಳಿ ಚಿನ್ನವಾಗುತ್ತದೆ, ಜೊತೆಗೆ ಆಲ್ಟರೇಷನ್ ಸ್ಕಿಲ್ ಕೂಡ ಏರುತ್ತದೆ.

ವೇಗ ಹೆಚ್ಚಿಸುವ ದಾರಿಗಳೂ ಇವೆ. ಹೆಲ್ಗೆನ್‌ನಿಂದ ರಿವರ್‌ವುಡ್‌ಗೆ ಹೋಗುವ ದಾರಿಯಲ್ಲೇ ಮೂರು ಗಾರ್ಡಿಯನ್ ಕಲ್ಲುಗಳು ಸಿಗುತ್ತವೆ. ವಾರಿಯರ್, ಮೇಜ್, ಥೀಫ್ ಇವುಗಳಲ್ಲಿ ಒಂದನ್ನು ಮುಟ್ಟಿದರೆ ಆ ಗುಂಪಿನ ಸ್ಕಿಲ್‌ಗಳು 20% ಬೇಗ ಏರುತ್ತವೆ. ಮಾಡುವ ಕೆಲಸ ಬದಲಾದಾಗ ವಾಪಸ್ ಬಂದು ಕಲ್ಲು ಬದಲಿಸಬಹುದು. ಸ್ವಂತದ ಅಥವಾ ಬಾಡಿಗೆಯ ಹಾಸಿಗೆಯಲ್ಲಿ ಮಲಗಿ ಎದ್ದರೆ ಸ್ವಲ್ಪ ಹೊತ್ತು 10% ಹೆಚ್ಚು. ಹಣ ಕೊಟ್ಟು ತರಬೇತಿ ಪಡೆಯುವುದಾದರೆ ಒಂದು ಲೆವೆಲ್‌ಗೆ ಐದೇ ಸಲ, ಅದೂ ಹೆಚ್ಚೆಂದರೆ ಸ್ಕಿಲ್ 90ರವರೆಗೆ. ಐದನ್ನೂ ಬಳಸದೆ ಮುಂದಿನ ಲೆವೆಲ್‌ಗೆ ಹೋದರೆ ಉಳಿದವು ಸೇರಿಕೊಳ್ಳುವುದಿಲ್ಲ, ಹೋದವು ಹೋದಂತೆಯೇ. ರಿವರ್‌ವುಡ್‌ನ ಫೇಂಡಾಲ್ ಬಿಲ್ಲು ಕಲಿಸುತ್ತಾನೆ, ಸ್ಕಿಲ್ 50ರವರೆಗೆ. ಅವನನ್ನು ಜೊತೆಗಾರನನ್ನಾಗಿ ಮಾಡಿಕೊಂಡರೆ ಕೊಟ್ಟ ಹಣವನ್ನು ಅವನ ಚೀಲದಿಂದಲೇ ವಾಪಸ್ ತೆಗೆದುಕೊಳ್ಳಬಹುದು.

ಲೆವೆಲ್ ಏರಿತು, ಬಲ ಏರಲಿಲ್ಲ

ಹೊಸಬರನ್ನು ಹೆಚ್ಚು ಕಾಡುವ ತೊಂದರೆ ಇದು. ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ: ಒಂದೇ ಒಂದು ಸ್ಕಿಲ್ 15ರಿಂದ 100ಕ್ಕೆ ಹೋದರೆ 4,930 ಎಕ್ಸ್‌ಪಿ. ಅಷ್ಟರಿಂದಲೇ ಕ್ಯಾರೆಕ್ಟರ್ ಲೆವೆಲ್ 17 ತಲುಪುತ್ತದೆ. ಆ ಸ್ಕಿಲ್ ಸ್ಪೀಚ್ ಅಥವಾ ಪಿಕ್‌ಪಾಕೆಟ್ ಆಗಿತ್ತು ಎಂದುಕೊಳ್ಳಿ. ಕತ್ತಿ ಹಿಡಿಯುವ ಕೈ ಇನ್ನೂ 15ರಲ್ಲೇ ಇದೆ, ಆದರೆ ಆಟ ನಿಮ್ಮನ್ನು ಹದಿನೇಳನೇ ಲೆವೆಲ್‌ನ ಯೋಧ ಎಂದು ತಿಳಿದು ಶತ್ರುಗಳನ್ನು ಕಳಿಸುತ್ತದೆ. ದರೋಡೆಕೋರರಲ್ಲೇ ದರ್ಜೆಗಳಿವೆ: ಥಗ್ ಲೆವೆಲ್ 9, ಹೈವೇಮನ್ 14, ಪ್ಲಂಡರರ್ 19, ಮರೋಡರ್ 25. ಶುರುವಿನಲ್ಲಿ ಎರಡೇಟಿಗೆ ಬೀಳುತ್ತಿದ್ದವರ ಜಾಗದಲ್ಲಿ ಈಗ ಹೈವೇಮನ್ ನಿಂತಿರುತ್ತಾನೆ. ಆಟ ಏಕಾಏಕಿ ಕಷ್ಟವಾಯಿತು ಎಂದು ಡಿಫಿಕಲ್ಟಿ ಇಳಿಸುವ ಮುನ್ನ ಸ್ಕಿಲ್ ಪುಟ ತೆರೆದು ನೋಡಿ. ಹೊಡೆಯುವ ಒಂದು ಸ್ಕಿಲ್, ತಡೆಯುವ ಒಂದು ಸ್ಕಿಲ್ ಇವೆರಡೂ ಉಳಿದವುಗಳಿಗಿಂತ ಹಿಂದೆ ಬಿದ್ದಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಮುಂದಿನ ನಾಲ್ಕೈದು ಪರ್ಕ್‌ಗಳನ್ನು ಬೇರೆ ಎಲ್ಲೂ ಹಾಕದೆ ಅವೆರಡಕ್ಕೇ ಹಾಕುವುದು ಒಳ್ಳೆಯದು. ಪರ್ಕ್ ಅನ್ನು ಆರಿಸದೆ ಕೂಡಿಟ್ಟುಕೊಳ್ಳಲೂ ಆಟ ಬಿಡುತ್ತದೆ, ಆದ್ದರಿಂದ ಅವಸರ ಬೇಡ.

ಗುಹೆ, ಕೋಟೆಗಳಿಗೆ ಕನಿಷ್ಠ ಮತ್ತು ಗರಿಷ್ಠ ಲೆವೆಲ್ ಇರುತ್ತದೆ. ಮೊದಲ ಸಲ ಕಾಲಿಟ್ಟಾಗ ನೀವು ಯಾವ ಲೆವೆಲ್‌ನಲ್ಲಿದ್ದಿರೋ ಅದನ್ನು ನೋಡಿಕೊಂಡು ಆ ಜಾಗದ ಲೆವೆಲ್ ನಿಗದಿಯಾಗುತ್ತದೆ. ಕೆಲವು ವಿಶೇಷ ಆಯುಧಗಳೂ ಹೀಗೆಯೇ, ಕೈಗೆ ಬಂದ ಹೊತ್ತಿನ ಲೆವೆಲ್‌ಗೆ ಕಟ್ಟುಬೀಳುತ್ತವೆ. ಚಿಲ್‌ರೆಂಡ್ ಕತ್ತಿ, ನೈಟಿಂಗೇಲ್ ಬಿಲ್ಲು ಇವುಗಳ ಅತ್ಯುತ್ತಮ ರೂಪ ಸಿಗುವುದು 46ನೇ ಲೆವೆಲ್ ಆದ ಮೇಲೆ. ಇಪ್ಪತ್ತರಲ್ಲೇ ತೆಗೆದುಕೊಂಡರೆ ಕೆಳದರ್ಜೆಯದೇ ನಿಮ್ಮ ಪಾಲು.

ಇದೇ ತೊಂದರೆ ಇದೇ ಸರಣಿಯ ಹಿಂದಿನ ಆಟ, 2006ರ ಆಬ್ಲಿವಿಯನ್‌ನಲ್ಲಿ ಇನ್ನೂ ತೀವ್ರವಾಗಿತ್ತು. ಅಲ್ಲಿ 21 ಸ್ಕಿಲ್‌ಗಳಲ್ಲಿ ಏಳನ್ನು ಮೇಜರ್ ಎಂದು ಮೊದಲೇ ಆರಿಸಬೇಕು. ಆ ಏಳರಲ್ಲಿ ಒಟ್ಟು ಹತ್ತು ಅಂಕ ಏರಿ, ಹಾಸಿಗೆಯಲ್ಲಿ ಮಲಗಿ ಎದ್ದರೆ ಲೆವೆಲ್ ಏರುತ್ತದೆ. ಓಡಿದರೆ ಏರುವ ಅಥ್ಲೆಟಿಕ್ಸ್, ಹಾರಿದರೆ ಏರುವ ಆಕ್ರೊಬ್ಯಾಟಿಕ್ಸ್ ಇವನ್ನು ಮೇಜರ್ ಮಾಡಿಕೊಂಡವರು ಊರೂರು ಓಡಾಡಿದ್ದಕ್ಕೇ ಲೆವೆಲ್ ಏರಿಸಿಕೊಂಡು, ಬಲ ಇಲ್ಲದೆ ಬಲಶಾಲಿಗಳ ಎದುರು ನಿಂತರು. ದಾರಿ ಕಾಯುವ ಸಾಮಾನ್ಯ ದರೋಡೆಕೋರನೂ ಗ್ಲಾಸ್ ಕವಚ ತೊಟ್ಟು ಬರುತ್ತಿದ್ದ.

ಅಲ್ಲಿ ಆಟ್ರಿಬ್ಯೂಟ್‌ಗಳ (ಕ್ಯಾರೆಕ್ಟರ್‌ನ ಮೂಲ ಗುಣಗಳ) ಲೆಕ್ಕ ಇನ್ನೊಂದು ತಲೆನೋವು. ಲೆವೆಲ್ ಏರಿದಾಗ ಮೂರು ಆಟ್ರಿಬ್ಯೂಟ್‌ಗಳನ್ನು ಹೆಚ್ಚಿಸಬಹುದು. ಎಷ್ಟು ಹೆಚ್ಚುತ್ತದೆ ಎಂಬುದು ಅದಕ್ಕೆ ಸೇರಿದ ಸ್ಕಿಲ್‌ಗಳು ಆ ಲೆವೆಲ್‌ನಲ್ಲಿ ಎಷ್ಟು ಏರಿದ್ದವು ಎಂಬುದರ ಮೇಲೆ. ಒಂದೂ ಏರದಿದ್ದರೆ 1, ನಾಲ್ಕರವರೆಗೆ 2, ಐದರಿಂದ ಏಳಕ್ಕೆ 3, ಎಂಟು ಒಂಬತ್ತಕ್ಕೆ 4, ಹತ್ತು ಅಥವಾ ಹೆಚ್ಚಿಗೆ 5. ಎಂಡ್ಯೂರೆನ್ಸ್ (ತಾಳಿಕೆ) ಎಂಬ ಆಟ್ರಿಬ್ಯೂಟ್‌ನ ವಿಷಯದಲ್ಲಿ ತಡಮಾಡುವಂತೆಯೇ ಇರಲಿಲ್ಲ, ಯಾಕೆಂದರೆ ಪ್ರತಿ ಲೆವೆಲ್‌ಗೆ ಸೇರುವ ಹೆಲ್ತ್ ಆಗಿನ ಎಂಡ್ಯೂರೆನ್ಸ್‌ನ ಹತ್ತನೇ ಒಂದು ಭಾಗ. ಅದು 40 ಇದ್ದಾಗ 4, ನೂರಾದಾಗ 10. ತಡವಾಗಿ ನೂರು ಮುಟ್ಟಿಸಿದರೆ ಹಿಂದಿನ ಲೆವೆಲ್‌ಗಳ ನಷ್ಟ ತುಂಬಿಬರುವುದಿಲ್ಲ. ಹಾಗಾಗಿ ಆರ್ಮರರ್, ಬ್ಲಾಕ್, ಹೆವಿ ಆರ್ಮರ್ ಈ ಮೂರರಲ್ಲಿ ಸೇರಿ ಹತ್ತು ಅಂಕ ಏರಿದವೇ ಎಂದು ಜನ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿಕೊಂಡು ಆಡುತ್ತಿದ್ದರು. ಆಟವಾಡುವ ಸುಖವನ್ನು ಆ ಪದ್ಧತಿ ಕಿತ್ತುಕೊಂಡಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. 2025ರ ಏಪ್ರಿಲ್‌ನಲ್ಲಿ ಬಂದ ಮರುರೂಪದಲ್ಲಿ ಇದನ್ನು ಸರಿಪಡಿಸಿದರು: ಎಲ್ಲ ಸ್ಕಿಲ್‌ಗಳೂ ಲೆವೆಲ್‌ಗೆ ಸೇರುತ್ತವೆ, ಪ್ರತಿ ಲೆವೆಲ್‌ಗೆ 12 ಅಂಕ ಕೈಗೆ ಬರುತ್ತದೆ, ಬೇಕಾದಂತೆ ಹಂಚಿಕೊಳ್ಳಬಹುದು, ಒಂದಕ್ಕೆ ಐದು ಮೀರದಂತೆ.

ಬೇಕೆಂದೇ ಇಟ್ಟ ಮಿತಿ

ಸ್ಕೈರಿಮ್‌ನ 81 ಲೆಕ್ಕದಿಂದ ಹುಟ್ಟಿದ್ದು. 1998ರ ಬಾಲ್ಡರ್ಸ್ ಗೇಟ್‌ನ ಮಿತಿ ನಿರ್ಧಾರದಿಂದ ಹುಟ್ಟಿದ್ದು, ಅದೂ ಲೆವೆಲ್‌ಗೆ ಇಟ್ಟದ್ದಲ್ಲ, ಎಕ್ಸ್‌ಪಿಗೆ ಇಟ್ಟದ್ದು: ಒಬ್ಬೊಬ್ಬರಿಗೆ 89,000. ಅದು ಬಳಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟದ ನಿಯಮಗಳ ಎರಡನೇ ಆವೃತ್ತಿಯಲ್ಲಿ ಪ್ರತಿ ವರ್ಗದ ಏಣಿಯೂ ಬೇರೆ. ಕಳ್ಳನಿಗೆ ಎಂಟನೇ ಲೆವೆಲ್‌ಗೆ 70,000 ಸಾಕು, ಆದ್ದರಿಂದ ಅವನು ಎಂಟಕ್ಕೆ ಹೋಗುತ್ತಾನೆ. ಫೈಟರ್‌ಗೆ ಎಂಟಕ್ಕೆ 1,25,000 ಬೇಕು, ಏಳರಲ್ಲೇ ನಿಲ್ಲುತ್ತಾನೆ. ಮಂತ್ರವಾದಿಗೆ 90,000 ಬೇಕು, ಬರೀ ಸಾವಿರ ಕಡಿಮೆ ಬಿದ್ದು ಅವನೂ ಏಳರಲ್ಲೇ. ಮರುವರ್ಷದ ವಿಸ್ತರಣೆ ಮಿತಿಯನ್ನು 1,61,000ಕ್ಕೆ ಏರಿಸಿದಾಗ ಕಳ್ಳ ಹತ್ತಕ್ಕೆ, ಮಂತ್ರವಾದಿ ಒಂಬತ್ತಕ್ಕೆ, ಫೈಟರ್ ಎಂಟಕ್ಕೆ ಬಂದರು. ಮಂತ್ರವಾದಿಗೆ ಒಂಬತ್ತು ಎಂದರೆ ಐದನೇ ಹಂತದ ಮಂತ್ರಗಳು ತೆರೆಯುವ ಬಾಗಿಲು, ಹಾಗಾಗಿ ಆ ಏರಿಕೆಯ ಹೆಚ್ಚಿನ ಲಾಭ ಅವನಿಗೇ.

2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಮಿತಿ 12. ಮೂಲ ನಿಯಮಪುಸ್ತಕದಲ್ಲಿ 20 ಇದ್ದರೂ ಹದಿಮೂರರಲ್ಲಿ ಏಳನೇ ಹಂತದ ಮಂತ್ರಗಳು ಬರುತ್ತವೆ. ಕ್ಷಣದಲ್ಲಿ ಊರು ಬದಲಿಸುವ, ಲೋಕವನ್ನೇ ದಾಟುವ ಮಂತ್ರಗಳು ಆ ಹಂತದವು. ಕಟ್ಟಿದ ಪ್ರತಿ ದೃಶ್ಯವೂ ಅದನ್ನು ತಾಳಿಕೊಳ್ಳಬೇಕಾಗುತ್ತದೆ. ಈ ಹನ್ನೆರಡನ್ನು ಎರಡು ಮೂರು ವರ್ಗಗಳಿಗೆ ಹಂಚಬಹುದು, ಆದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಫೀಟ್, ಅಂದರೆ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ, ಸಿಗುವುದು ವರ್ಗದ 4, 8, 12ನೇ ಲೆವೆಲ್‌ಗಳಲ್ಲಿ, ಕ್ಯಾರೆಕ್ಟರ್‌ನ ಒಟ್ಟು ಲೆವೆಲ್‌ನಲ್ಲಿ ಅಲ್ಲ. 8 ಮತ್ತು 4 ಎಂದು ಹಂಚಿದರೆ ಮೂರು ಫೀಟ್ ಉಳಿಯುತ್ತವೆ. 5, 5, 2 ಎಂದು ಹಂಚಿದರೆ ಎರಡಕ್ಕೆ ಇಳಿಯುತ್ತದೆ. 6 ಮತ್ತು 6 ಎಂದರೂ ಎರಡೇ, ಅದರಲ್ಲಿ ಒಂದು ಫೈಟರ್ ಆಗಿದ್ದರೆ ಮಾತ್ರ ಆರನೇ ಲೆವೆಲ್‌ನಲ್ಲಿ ಒಂದು ಹೆಚ್ಚು ಸಿಗುತ್ತದೆ. ತಪ್ಪಿದರೂ ಚಿಂತೆಯಿಲ್ಲ, ಬಿಡಾರದಲ್ಲಿರುವ ವಿದರ್ಸ್‌ಗೆ 100 ಚಿನ್ನದ ನಾಣ್ಯ ಕೊಟ್ಟರೆ ಮೊದಲಿನಿಂದ ಮತ್ತೆ ಹಂಚಿಕೊಳ್ಳಬಹುದು.

ಮಿತಿಯನ್ನು ಏರಿಸುತ್ತಲೇ ಇರಬೇಕಾದ ಆಟಗಳಿಗೆ ಬೇರೆ ಸಂಕಟ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಲ್ಲಿ 60ರಿಂದ ಶುರುವಾಗಿ, 2007ರಲ್ಲಿ 70, 2008ರಲ್ಲಿ 80 ಎಂದು ಏರಿತು. ಹತ್ತನೇ ಲೆವೆಲ್‌ನಿಂದ ಲೆವೆಲ್‌ಗೊಂದು ಟ್ಯಾಲೆಂಟ್ ಅಂಕ, ಅಂದರೆ 60ರಲ್ಲಿ 51, 70ರಲ್ಲಿ 61, 80ರಲ್ಲಿ 71. ಒಂದು ಶಾಖೆಯ ತುದಿಯ ಟ್ಯಾಲೆಂಟ್ ಮುಟ್ಟಲು ಬೇಕಾದದ್ದು ಕ್ರಮವಾಗಿ 31, 41, 51. ಕಳೆದು ನೋಡಿ: ಮೂರೂ ಕಾಲದಲ್ಲಿ ಉಳಿಯುವುದು 20. ಲೆವೆಲ್ ಏರಿದರೂ ಎರಡು ಶಾಖೆಗಳ ತುದಿ ಒಬ್ಬನಿಗೇ ಸಿಗಬಾರದು ಎಂಬ ಬಿಗಿಯನ್ನು ಅವರು ಒಂದಂಕವೂ ಸಡಿಲಿಸಲಿಲ್ಲ. ಅತ್ಯಂತ ಸೊಗಸಾದ ಲೆಕ್ಕ ಇದು. ಆದರೆ 2018ರಲ್ಲಿ ಮಿತಿ 120 ಆಗುವಷ್ಟರಲ್ಲಿ ಹೊಸಬನ ಎದುರಿಗಿನ ಏಣಿ ತೀರಾ ಉದ್ದವಾಗಿತ್ತು, ನಡುವಿನ ಬಹಳ ಲೆವೆಲ್‌ಗಳು ಏನನ್ನೂ ಕೊಡುತ್ತಿರಲಿಲ್ಲ. 2020ರಲ್ಲಿ ಎಲ್ಲರ 120 ಅನ್ನು 50ಕ್ಕೆ ಇಳಿಸಿ, ಹೊಸ ಮಿತಿಯನ್ನು ಮತ್ತೆ 60 ಮಾಡಿದರು.

ಡಯಾಬ್ಲೊ 2ರ ಮಿತಿ 99, ಮತ್ತು ಅದನ್ನು ಮುಟ್ಟಲೇಬೇಕೆಂದು ಯಾರೂ ಯೋಜನೆ ಹಾಕುವುದಿಲ್ಲ. ಒಟ್ಟು ಬೇಕಾದ ಎಕ್ಸ್‌ಪಿ 3,520,485,254. ಎಪ್ಪತ್ತರ ನಂತರ ಸಿಗುವ ಎಕ್ಸ್‌ಪಿಯಲ್ಲೇ ಕಡಿತ ಶುರುವಾಗುತ್ತದೆ, ಹೆಲ್ ಎಂಬ ಅತಿ ಕಠಿಣ ಹಂತದಲ್ಲಿ ಸತ್ತರೆ ಆ ಲೆವೆಲ್‌ಗೆ ಬೇಕಾದದ್ದರಲ್ಲಿ 10% ಹೋಗುತ್ತದೆ. ಲೆವೆಲ್‌ಗಳಿಂದ 98, ಕ್ವೆಸ್ಟ್‌ಗಳಿಂದ 12, ಒಟ್ಟು 110 ಸ್ಕಿಲ್ ಅಂಕ ಎಂದು ಕಾಗದದಲ್ಲಿದೆ. ಬಿಲ್ಡ್ (ಅಂಕಗಳನ್ನು ಎಲ್ಲೆಲ್ಲಿ ಹಾಕುವುದೆಂಬ ಯೋಜನೆ) ಹಾಕುವಾಗ 85ನೇ ಲೆವೆಲ್‌ನ 96 ಅಂಕಗಳನ್ನೇ ನಂಬಿ: ಒಂದು ಸ್ಕಿಲ್‌ಗೆ ಹೆಚ್ಚೆಂದರೆ 20 ಹಾಕಬಹುದಾದ್ದರಿಂದ ನಾಲ್ಕು ಸ್ಕಿಲ್ ತುಂಬಿ, ದಾರಿಯಲ್ಲಿ ಬೇಕಾಗುವ ಬಿಡಿ ಅಂಕಗಳಿಗೆ 16 ಉಳಿಯುತ್ತದೆ.

ಮಿತಿಯ ಕೆಳತುದಿಯಲ್ಲೂ ಎಡವಟ್ಟಾಗಬಹುದು. ಮೊದಲ ತಲೆಮಾರಿನ ಪೊಕೆಮಾನ್‌ನಲ್ಲಿ ಕೆಲವು ಜೀವಿಗಳ ಎಕ್ಸ್‌ಪಿ ಸೂತ್ರಕ್ಕೆ ಲೆವೆಲ್ 1 ಹಾಕಿದರೆ ಉತ್ತರ ಸುಮಾರು ಮೈನಸ್ 54. ಎಕ್ಸ್‌ಪಿಯನ್ನು ಮೂರು ಬೈಟ್‌ಗಳಲ್ಲಿ, ಮೈನಸ್ ಇಲ್ಲದ ಸಂಖ್ಯೆಯಾಗಿ ಇಟ್ಟಿದ್ದರಿಂದ ಅದು 16,777,162 ಆಗಿಬಿಡುತ್ತದೆ. ನೂರನೇ ಲೆವೆಲ್‌ಗೆ ಬೇಕಾದದ್ದು 1,059,860. ಗ್ಲಿಚ್ (ಆಟದ ಪ್ರೋಗ್ರಾಮಿನ ದೋಷ) ಮೂಲಕ ಸಿಕ್ಕ ಲೆವೆಲ್ 1ರ ಜೀವಿ ಒಂದು ಕಾದಾಟದಲ್ಲಿ 54ಕ್ಕಿಂತ ಕಡಿಮೆ ಎಕ್ಸ್‌ಪಿ ಪಡೆದರೆ ನೇರ ನೂರಕ್ಕೆ ಜಿಗಿಯುತ್ತಿತ್ತು. 54 ದಾಟಿದರೆ ಸೊನ್ನೆಯಿಂದ ಸರಿಯಾಗಿ ಎಣಿಕೆ ಶುರು.

ಮಿತಿ ತೆಗೆದರೆ

2013ರ ಮಾರ್ಚ್‌ನ 1.9 ಅಪ್‌ಡೇಟ್ ಸ್ಕೈರಿಮ್‌ನ 81 ಅನ್ನು ಅಳಿಸಿಹಾಕಿತು. ನೂರು ಮುಟ್ಟಿದ ಸ್ಕಿಲ್ ಅನ್ನು ಲೆಜೆಂಡರಿ ಮಾಡಿದರೆ ಅದು ಮತ್ತೆ 15ಕ್ಕೆ ಇಳಿಯುತ್ತದೆ, ಅದಕ್ಕೆ ಹಾಕಿದ ಪರ್ಕ್‌ಗಳು ಕೈಗೆ ವಾಪಸ್ ಬರುತ್ತವೆ, ಮತ್ತೆ ಏರಿಸಿದಾಗ ಮತ್ತೆ 4,930 ಎಕ್ಸ್‌ಪಿ. 251 ಪರ್ಕ್‌ಗಳೂ ಬೇಕೆಂದರೆ ಲೆವೆಲ್ 252 ಆಗಬೇಕು. ಅದಕ್ಕೆ 8,09,475 ಎಕ್ಸ್‌ಪಿ, ಹಳೆಯ ಸಂಬಳದ ಒಂಬತ್ತು ಪಟ್ಟು. ಎಲ್ಲ ಸ್ಕಿಲ್‌ಗಳೂ ನೂರಾದ ಮೇಲೆ ಇನ್ನೂ 147 ಸಲ ಯಾವುದಾದರೊಂದನ್ನು 15ರಿಂದ 100ಕ್ಕೆ ಒಯ್ಯಬೇಕು.

ಯಾವುದನ್ನು ಇಳಿಸಬೇಕು ಎಂಬುದರಲ್ಲಿ ಎಚ್ಚರ ಬೇಕು. ನೀವು ನೆಚ್ಚಿಕೊಂಡ ಆಯುಧದ ಸ್ಕಿಲ್ ಇಳಿಸಿದರೆ ಎಂಬತ್ತನೇ ಲೆವೆಲ್‌ನ ಶತ್ರುಗಳ ಎದುರು ಹದಿನೈದರ ಕೈಯಲ್ಲಿ ನಿಲ್ಲುತ್ತೀರಿ. ಮೇಲೆ ಹೇಳಿದ ತೊಂದರೆ ಇಲ್ಲಿ ಅದರ ಅತಿರೇಕದಲ್ಲಿ ಬರುತ್ತದೆ. ಇಲ್ಯೂಷನ್, ಆಲ್ಟರೇಷನ್ ಸುರಕ್ಷಿತ, ಊರೊಳಗೆ ಕೂತು ಮತ್ತೆ ಏರಿಸಬಹುದು. ಸ್ಮಿಥಿಂಗ್ ಮತ್ತು ಎನ್‌ಚಾಂಟಿಂಗ್ ಇಳಿಸುವುದಾದರೆ ಮೊದಲು ನಿಮ್ಮ ಕೊನೆಯ ಕವಚ, ಆಯುಧ, ಉಂಗುರ, ಸರ ಎಲ್ಲವನ್ನೂ ತಯಾರಿಸಿ ಹದಗೊಳಿಸಿ, ಮಂತ್ರ ತುಂಬಿ ಮುಗಿಸಿಬಿಡಿ. ಸ್ಕಿಲ್ ಇಳಿದರೂ ತಯಾರಾದ ವಸ್ತುವಿನ ಗುಣ ಇಳಿಯುವುದಿಲ್ಲ, ಮತ್ತು ವಾಪಸ್ ಬಂದ ಪರ್ಕ್‌ಗಳನ್ನು ಆಗ ಧೈರ್ಯವಾಗಿ ಕತ್ತಿಗೋ ಬಿಲ್ಲಿಗೋ ಹಾಕಬಹುದು.